ಸಂಜೆ ಹಾಲಿನ ಡಿಗ್ರಿ

ಡಿಗ್ರಿ ಎಂಬ ಮಾತು ನಮ್ಮೂರಿಗೆ ಯಾವಾಗ ಬಂತೋ ಗೊತ್ತಿಲ್ಲ. ನಾನು ಹುಟ್ಟುವ ಹೊತ್ತಿಗಾಗಲೇ ಅದು ಊರಿನದೇ ಮಾತಾಗಿತ್ತು. ಪಾಂಡವಪುರಕ್ಕೂ ಶ್ರೀರಂಗಪಟ್ಟಣಕ್ಕೂ ನಡುವೆ, ನಾಲೆ ಬದಿಯ ಊರು ನಮ್ಮದು. ಜ್ವರಕ್ಕೆ ಡಿಗ್ರಿ, ಬೇಸಿಗೆಯ ಬಿಸಿಲಿಗೆ ಡಿಗ್ರಿ, ಹೆಣ್ಣು ನೋಡಲು ಬಂದವರು ಕಾಫಿ ಲೋಟ ಕೆಳಗಿಡುವ ಮೊದಲೇ ವಿಚಾರಿಸುತ್ತಿದ್ದುದು ಡಿಗ್ರಿ. ಮಾಕವಳ್ಳಿಯಲ್ಲಿದ್ದ ನನ್ನ ಸೋದರಮಾವ ಜನರ ಸಿಟ್ಟನ್ನೂ ಅದರಲ್ಲೇ ಅಳೆಯುತ್ತಿದ್ದರು. "ಅವನ್ದು ಇವತ್ತು ನೂರ್ನಾಕು ಡಿಗ್ರಿ ಕಣವ್ವ, ಅತ್ರ ಓಗ್ಬ್ಯಾಡ" ಎನ್ನುತ್ತಿದ್ದರು.

ನಮ್ಮ ಮನೆಯಲ್ಲಿ ಮಾತ್ರ ಬರಿದೇ ಡಿಗ್ರಿ ಎಂದರೆ ಹಾಲಿನದು. ಡೇರಿಯಲ್ಲಿ ಹಾಲಿಗೆ ಗಾಜಿನ ಕಡ್ಡಿಯೊಂದನ್ನು ಇಳಿಬಿಡುತ್ತಿದ್ದರು. ಗಟ್ಟಿ ಹಾಲಿನಲ್ಲಿ ಕಡ್ಡಿ ಮೇಲೆ ತೇಲುತ್ತಿತ್ತು, ನೀರು ಬಿದ್ದಿದ್ದರೆ ಮುಳುಗುತ್ತಿತ್ತು. ಅವ್ವನ ಹಾಲಿನಲ್ಲಿ ಅದು ಮುಳುಗಿದ್ದೇ ಇಲ್ಲ. ಮನೆಗೆ ಯಾರೇ ಬರಲಿ, ಎರಡನೇ ಮಾತಿಗೆ ಆ ವಿಷಯ ತರುತ್ತಿದ್ದಳು.

ನಾನಾಗ ಪಾಂಡವಪುರದ ಕಾಲೇಜಿನಲ್ಲಿ ಕೊನೆಯ ವರ್ಷ ಓದುತ್ತಿದ್ದೆ. ಬೆಳಗಿನ ಹಾಲು ಅವ್ವ ಹಾಕುತ್ತಿದ್ದಳು, ಸಂಜೆಯದು ನನ್ನ ಪಾಲು. ಅವ್ವ ಹಾಲು ಕರೆದು, ಕೈಕಾಲು ತೊಳೆದು, ದೇವರ ಮುಂದೆ ದೀಪ ಹಚ್ಚಿ, ಮುದ್ದೆಗೆ ಎಸರಿಡುವಳು. ನಾನು ಕ್ಯಾನು ಹಿಡಿದು ಹೊರಡುವೆ. ಕಬ್ಬಿನ ಗದ್ದೆಯ ಮೇಲೆ ತೆಳ್ಳಗೆ ಮಂಜು ಕೂತಿರುತ್ತಿತ್ತು. ನಾಲೆಯ ನೀರು ಕಾಣುತ್ತಿರಲಿಲ್ಲ, ಸದ್ದಷ್ಟೇ ಜೊತೆಗೆ ಬರುತ್ತಿತ್ತು. ಆ ದಾರಿಯಲ್ಲಿ ನಾನು ಎಷ್ಟೋ ಸಲ ಡೇರಿ ದಾಟಿ ಮುಂದೆ ಹೋಗಿಬಿಟ್ಟು, ಯಾರೋ ಕೂಗಿದ ಮೇಲೆ ಹಿಂದಕ್ಕೆ ಬಂದದ್ದುಂಟು.

ಪಕ್ಕದ ಮನೆಯ ಮಗಳು ಬಾಣಂತನಕ್ಕೆಂದು ಬಂದವಳು ಇನ್ನೂ ತವರಲ್ಲೇ ಇದ್ದಳು. ಎಂಟು ತಿಂಗಳ ಕೂಸು ಸಂಜೆಯಾದರೆ ಹಸಿದು ಅಳುತ್ತಿತ್ತು, ಅವರ ಹಸು ಬತ್ತಿತ್ತು. ಒಂದು ಸಂಜೆ ಆಕೆ ಲೋಟ ಹಿಡಿದು ನಮ್ಮ ಬಾಗಿಲಿಗೆ ಬಂದಳು. ಅವ್ವ ಒಳಗಿನಿಂದಲೇ, "ದೀಪ ಅಚ್ಚಿದ್ಮೇಲೆ ಆಲು ಒರಗೆ ಕೊಡಾಕಿಲ್ಲ ಕಣವ್ವ, ಲಕ್ಷ್ಮಿ ಒಂಟೋಯ್ತಾಳೆ. ಬೆಳಿಗ್ಗೆ ಬಾ, ಎಷ್ಟ್ ಬೇಕಾದ್ರೂ ಕೊಡ್ತೀನಿ" ಅಂದಳು. ಡೇರಿಗೆ ಹಾಕುವ ಹಾಲು ದೀಪ ಹಚ್ಚಿದ ಮೇಲೆಯೇ ಹೋಗುತ್ತಿತ್ತಲ್ಲ, ಅದಕ್ಕೆ ಯಾವ ಶಾಸ್ತ್ರವೂ ಇರಲಿಲ್ಲ. ನನಗೆ ಮೈಯೆಲ್ಲಾ ಉರಿದುಹೋಯಿತು.

ಮರುದಿನದಿಂದ ಡೇರಿಗೆ ಹೋಗುವಾಗ ಅವರ ಹಿತ್ತಿಲ ಬಾಗಿಲಲ್ಲಿ ಒಂದು ದೊಡ್ಡ ಲೋಟ ಹಾಲು ಬಗ್ಗಿಸುತ್ತಿದ್ದೆ. ಡೇರಿಯವರು ಬರೆದುಕೊಡುವ ಚೀಟಿಯಲ್ಲಿ ಲೀಟರು ಕಮ್ಮಿ ಬಂದರೆ ಅವ್ವ ಕೇಳುತ್ತಾಳೆ. ಹಾಗಾಗಿ ಬೀದಿ ನಲ್ಲಿಯಲ್ಲಿ ಅಷ್ಟೇ ನೀರು ಹಿಡಿದು ಕ್ಯಾನಿಗೆ ಸುರಿದುಬಿಡುತ್ತಿದ್ದೆ.

ಕಡ್ಡಿ ಮುಳುಗಿತು. ಮೊದಮೊದಲು ಡೇರಿಯ ಕಾರ್ಯದರ್ಶಿ ನನ್ನ ಮುಖ ನೋಡಿ ಹಾಲು ಹಾಕಿಸಿಕೊಂಡರು. ಒಂದು ವಾರ ಕಳೆದ ಮೇಲೆ ಸಾಲಿನಲ್ಲಿದ್ದ ಎಲ್ಲರ ಮುಂದೆಯೇ ಹಾಲು ವಾಪಸ್ ಕೊಟ್ಟು, "ಡಿಗ್ರಿ ಬತ್ತಿಲ್ಲ, ನೀರು ಬಿದ್ದದೆ ಅಂತ ನಿಮ್ಮವ್ವಂಗೆ ಏಳು" ಅಂದರು. ಮಾರನೆಯ ಬೆಳಿಗ್ಗೆ ಅವ್ವ ಡೇರಿಯ ಮೆಟ್ಟಿಲ ಮೇಲೆ ನಿಂತು, "ನನ್ ಮನೇಲಿ ಆಲಿಗೆ ನೀರಾಕೋರು ಯಾರೂ ಉಟ್ಟಿಲ್ಲ" ಅಂದಳಂತೆ. ಆಗ ತಪ್ಪು ಹೊರಿಸಲು ಉಳಿದದ್ದು ನಮ್ಮ ಹಸು ಒಂದೇ. ಹಗಲೆಲ್ಲಾ ನಾಲೆ ದಡದ ಹಸಿಹುಲ್ಲು ಮೇಯ್ದು ಸಂಜೆ ಹಾಲು ನೀರಾಗುತ್ತಿದೆ ಎಂದು ಅವ್ವ ತೀರ್ಮಾನಿಸಿದಳು. ಹಸುವನ್ನು ಗೂಟಕ್ಕೆ ಕಟ್ಟಿ ಒಣಹುಲ್ಲು, ಹಿಂಡಿ ಹಾಕತೊಡಗಿದಳು. ಅದು ಹಗ್ಗ ಜಗ್ಗಿ, ನಾಲೆ ಕಡೆಗೆ ಮುಖ ಮಾಡಿ ಅರಚುತ್ತಿತ್ತು.

ಅವ್ವ ಒಂದೇ ಒಂದು ಸಂಜೆ ತಾನೇ ಕ್ಯಾನು ಹಿಡಿದು ಹೋಗಿದ್ದರೆ ಎಲ್ಲಾ ಗೊತ್ತಾಗುತ್ತಿತ್ತು. ಹೋಗಲಿಲ್ಲ, ನನ್ನ ಮೇಲೆ ಅಷ್ಟು ನಂಬಿಕೆ. ನಾನು ನೀರು ಹಾಕುವುದನ್ನು ನಿಲ್ಲಿಸಿದ್ದರೂ ಸಾಕಿತ್ತು. ಕೂಸಿಗಾಗಿ ಮಾಡಿದೆ ಎನ್ನುವುದು ಅರ್ಧ ನಿಜ. ಅವ್ವನ ದೀಪದ ಶಾಸ್ತ್ರದ ಎದುರು ನಾನೇ ಗೆಲ್ಲಬೇಕೆಂಬ ಹಠ ಇನ್ನರ್ಧ. ಎರಡು ತಿಂಗಳು ಹೀಗೇ ನಡೆಯಿತು.

ಕೊನೆಯ ಪರೀಕ್ಷೆ ಮುಗಿಸಿ ಬಸ್ಸಿಳಿದು ಬಂದರೆ ಕೊಟ್ಟಿಗೆ ಬರಿದಾಗಿತ್ತು. ಹಸುವನ್ನು ನಾಗಮಂಗಲದ ಕಡೆಯವರಿಗೆ ಕೊಟ್ಟಿದ್ದಳು. "ಅಲ್ಲಿ ಒಣ ಸೀಮೆ, ಒಣಹುಲ್ಲೇ ತಿನ್ಕಂಡಿರ್ತದೆ. ಡಿಗ್ರಿ ಬತ್ತದೆ ಬುಡು" ಅಂದಳು ಅವ್ವ, ನನಗೆ ಸಮಾಧಾನ ಹೇಳುವವಳಂತೆ. ಮನೆಯ ಲಕ್ಷ್ಮಿ ನಿಜವಾಗಿಯೂ ಹೊರಟುಹೋಗಿದ್ದಳು, ಕಳಿಸಿದವಳು ನಾನು. ಆ ದಿನ ಹೇಳಬೇಕಿತ್ತು. ಹೇಳಲಿಲ್ಲ, ಹೆದರಿಕೊಂಡೆ.

ಈಗ ನಾನು ಶ್ರೀರಂಗಪಟ್ಟಣದಲ್ಲಿ ಕೆಲಸದಲ್ಲಿದ್ದೇನೆ. ಬೆಳಗಿನ ಹೊತ್ತು ಕಾವೇರಿಯ ಮೇಲಿನ ಮಂಜು ಬೀದಿಯವರೆಗೂ ಬಂದಿರುತ್ತದೆ. ಹೆದ್ದಾರಿಯ ಲಾರಿಗಳ ಸದ್ದೂ ಅದರೊಳಗಿಂದ ನಾಲೆ ನೀರಿನ ಹಾಗೆ ಕೇಳಿಸುತ್ತದೆ. ಅಂಥ ಹೊತ್ತಿನಲ್ಲಿ ಆ ಹಸು ನನ್ನ ಕಣ್ಣೆದುರು ಬಂದು ನಿಲ್ಲುವುದುಂಟು, ನನ್ನನ್ನು ನೋಡದೆ ಬೇರೆಲ್ಲೋ ನೋಡುತ್ತಾ. ಹೋದ ತಿಂಗಳು ಅವ್ವ ನಾಲ್ಕು ದಿನ ಇರಲು ಬಂದಿದ್ದಳು. ಒಂದು ಬೆಳಿಗ್ಗೆ ಪ್ಯಾಕೆಟ್ಟಿನ ಹಾಲು ಕಾಯಿಸುತ್ತಾ, ಅವಳ ಮುಖ ನೋಡದೆ, ಲೋಟ, ನಲ್ಲಿ, ಕೂಸು ಎಲ್ಲವನ್ನೂ ಹೇಳಿಬಿಟ್ಟೆ.

ಬೈಗುಳ ಬರುತ್ತದೆಂದು ಕಾದೆ. ಬಂದಿದ್ದರೆ ಹಗುರಾಗುತ್ತಿತ್ತು. ಅವ್ವ ತನ್ನ ಬಲಗೈಯನ್ನು ಮಗುಚಿ ನೋಡಿಕೊಂಡಳು.

"ಅಂಗಾದ್ರೆ ಅದು ಅಸಿಉಲ್ಲಿಗೆ ಅರಚ್ದಾಗೆಲ್ಲಾ ಒಡೀತಿದ್ನಲ್ಲ ಮಗಾ," ಅಂದಳು. "ಸುಮ್ಸುಮ್ಕೆ ಒಡುದ್ಬುಟ್ನಾ?"