ನೀರಿನ ಅಲಗು, ಎಣ್ಣೆಯ ಕೈ

ನಾನು ಚಾಕು ಕಾರ್ಖಾನೆಯಲ್ಲಿ ಕೆಲಸ ಮಾಡುತ್ತೇನೆ ಎಂದರೆ ಕೇಳಿದವರು ಒಂದು ಗಳಿಗೆ ನನ್ನ ತೋಳು ನೋಡುತ್ತಾರೆ. ತೋಳಿನಲ್ಲಿ ನೋಡುವಂಥದ್ದೇನೂ ಇಲ್ಲ. ಯಂತ್ರವು ಉಕ್ಕಿನ ತಗಡಿನಿಂದ ಬಿಸ್ಕತ್ತಿನ ಹಾಗೆ ಚಾಕುಗಳನ್ನು ಕತ್ತರಿಸಿ ಉದುರಿಸುತ್ತದೆ. ಅವು ಸಾಲಾಗಿ ನನ್ನ ಮುಂದೆ ಬರುತ್ತವೆ. ನಾನು ಟ್ಯೂಬ್‌ಲೈಟಿನ ಕೆಳಗೆ ಕುಳಿತು ಸೊಟ್ಟಗಿದ್ದವನ್ನು ಆರಿಸಿ ಬುಟ್ಟಿಗೆ ಎಸೆಯುತ್ತೇನೆ. ಇಷ್ಟಕ್ಕೆ ಸಂಬಳ, ಕೊರಳಿಗೆ ಫೋಟೋ ಇರುವ ಬಿಲ್ಲೆ. ನನ್ನ ಸೋದರಮಾವ ನನ್ನನ್ನು ‘ಇನ್ಸ್‌ಪೆಕ್ಟರೇ’ ಎಂದು ಕರೆಯುವುದು ಗೌರವದಿಂದಲ್ಲ. ನನ್ನ ಕೈಯಿಂದ ಈವರೆಗೆ ಹೊರಬಂದ ಹರಿತವಾದ ವಸ್ತು ಎಂದರೆ ನನ್ನ ಮಾತೊಂದೇ. ಅದೂ ಮೊಂಡು ಎಂದು ಅತ್ತೆಯ ತೀರ್ಪು.

ಮಾವ ಕಮ್ಮಾರರು. ಅವರ ಮನೆಯ ಮೇಲಿನ ಕೋಣೆಯಲ್ಲಿ ನನ್ನ ವಾಸ. ಕೆಳಗೆ ಬೀದಿಯ ಕಡೆಗೆ ಕುಲುಮೆ, ಹಿಂದೆ ಅಡುಗೆಮನೆ, ನಡುವೆ ಒಂದು ತಗಡಿನ ಬಾಗಿಲು. ಆ ಬಾಗಿಲು ಎಷ್ಟೇ ಮುಚ್ಚಿದ್ದರೂ ಕುಲುಮೆಯ ಮಸಿ ಅನ್ನದ ತಟ್ಟೆಗೂ, ಅಡುಗೆಮನೆಯ ಬೈಗುಳ ಕುಲುಮೆಗೂ ಧಾರಾಳವಾಗಿ ಬಂದುಹೋಗುತ್ತವೆ.

ಬೀದಿಯವರ ಬಾಯಲ್ಲಿ ಮಾವನ ಹೆಸರು ‘ಮೂರೇಟು’. ಹದ ಹಾಕಿದ ಪ್ರತಿ ಅಲಗನ್ನೂ ಎಣ್ಣೆಯ ಡಬ್ಬದಿಂದ ಎತ್ತಿದ ಕೂಡಲೇ ಕಬ್ಬಿಣ ಬಡಿಯುವ ಅಡೆಗಲ್ಲಿನ ಅಂಚಿಗೆ ಮೂರು ಸಲ ಬಡಿಯುತ್ತಾರೆ. ಅವರಪ್ಪ ಬಡಿದದ್ದು ಹಾಗೆ, ಅಜ್ಜ ಬಡಿದದ್ದೂ ಹಾಗೆ. ‘ಮುರಿಯೋದಿದ್ರೆ ನಮ್ಮ ಕೈಯಲ್ಲೇ ಮುರೀಲಿ, ಕೊಂಡವರ ಕೈಯಲ್ಲಿ ಬೇಡ’ ಎಂಬುದು ಮನೆತನದ ಮಾತು. ಅಲಗು ಹಾಗೆ ಬಡಿದರೂ ಮುರಿಯದಿರಲು ಕಾರಣವಿದೆ. ನಮ್ಮ ಕಡೆಯ ಹದ ಒಂದೇ ಮುಳುಗಿನದು. ಕೆಂಪಗೆ ಕಾದ ಅಲಗಿನ ಬಾಯಿಯನ್ನಷ್ಟೇ ಎಣ್ಣೆಗೆ ಅದ್ದಿ, ಬೆನ್ನಿನಲ್ಲಿ ಇನ್ನೂ ಕಾವು ಇರುವಾಗಲೇ ಎತ್ತಿಬಿಡುತ್ತಾರೆ. ಬೆನ್ನಿನ ಕಾವು ಮೆಲ್ಲಗೆ ಬಾಯಿಗೆ ಇಳಿದು ಅದರ ಅತಿಯಾದ ಗಡಸನ್ನು ತಾನೇ ಸಡಿಲಿಸುತ್ತದೆ. ದಪ್ಪ ಬೆನ್ನು, ಉಬ್ಬಿದ ಹೊಟ್ಟೆ, ಕೈಜಗ್ಗುವ ಭಾರ. ಮಾವ ಮಾಡುವ ಚಾಕು ಮಾವನ ಹಾಗೆಯೇ ಇರುತ್ತದೆ.

ಅತ್ತೆ ಸಮುದ್ರದಾಚೆಯವರು. ಮಾವ ಪ್ರಾಯದಲ್ಲಿ ಹಡಗು ರಿಪೇರಿಯ ಕೆಲಸಕ್ಕೆಂದು ಅಲ್ಲಿಗೆ ಹೋಗಿ, ಆ ಕೆಲಸ ಕೈಕೊಟ್ಟ ಮೇಲೆ ಹೊಟ್ಟೆಪಾಡಿಗೆ ಒಬ್ಬ ಮುದುಕ ಕಮ್ಮಾರನ ಬಳಿ ಸುತ್ತಿಗೆ ಹಿಡಿದರು. ಆ ಮುದುಕನ ಮಗಳೇ ಅತ್ತೆ. ಮದುವೆಯಾಗಿ ಬಂದ ಹೊಸತರಲ್ಲಿ ನಮ್ಮ ಭಾಷೆಯ ಬೈಗುಳಗಳನ್ನು ಮೊದಲು ಕಲಿತರು, ಉಳಿದದ್ದನ್ನು ಬಿಡುವಾದಾಗ.

ಅವರ ಕಡೆಯ ಚಾಕುವಿನ ಕುಲವೇ ಬೇರೆ. ತೆಳು ಮೈ, ನೇರ ಬೆನ್ನು, ಒಂದೇ ಮಗ್ಗುಲಿಗೆ ಸಾಣೆ. ಹದ ನೀರಿನಲ್ಲಿ, ಅದೂ ಎರಡು ಹಂತದಲ್ಲಿ. ಮೊದಲು ಇಡೀ ಅಲಗನ್ನು ತೊಟ್ಟಿಗೆ ಇಳಿಸಿ ಪೂರ್ತಿ ತಣ್ಣಗಾಗಿಸಬೇಕು. ಆಮೇಲೆ ಕೆಂಡದ ತಟ್ಟೆಯ ಮೇಲೆ ಹಿಡಿದು ನಿಧಾನವಾಗಿ ಬೆಚ್ಚಗೆ ಮಾಡಬೇಕು. ಇವೆರಡರ ನಡುವೆ ಅಲಗು ಗಾಜಿನಂತಿರುತ್ತದೆ. ‘ನೀರಿಂದ ಎದ್ದ ಅಲಗು ಹಸಿ ಬಾಣಂತಿ, ಬೆಚ್ಚಗಾಗೋವರೆಗೂ ಅಲುಗಿಸಬಾರದು’ ಎಂದು ಅತ್ತೆ ತಮ್ಮಪ್ಪನ ಮಾತನ್ನು ನಮ್ಮ ಭಾಷೆಗೆ ತಂದು ಹೇಳುತ್ತಾರೆ. ಮಾವನ ಬಡಿಯುವ ಚಾಳಿ ಕಂಡ ಆ ಮುದುಕ ಅವರನ್ನು ತೊಟ್ಟಿಯ ಹತ್ತಿರ ಸುಳಿಯಲೂ ಬಿಡಲಿಲ್ಲವಂತೆ.

‘ಮಗಳನ್ನ ಕೊಟ್ಟ, ತೊಟ್ಟಿ ಮುಟ್ಟೋಕೆ ಬಿಡ್ಲಿಲ್ಲ ಮಹಾರಾಯ,’ ಎಂದು ಮಾವ ಈಗಲೂ ಗೊಣಗುವುದುಂಟು.

‘ಮಗಳು ಬಿದ್ರೂ ಒಡೆಯಲ್ಲ ಅಂತ ಗೊತ್ತಿತ್ತು ಅವ್ರಿಗೆ,’ ಎಂದು ತಗಡಿನ ಬಾಗಿಲಿನಾಚೆಯಿಂದ ಉತ್ತರ ಬರುತ್ತದೆ.

ಅತ್ತೆಗೆ ಒಂದು ದೊಡ್ಡ ಕ್ಯಾಂಟೀನಿನಲ್ಲಿ ತರಕಾರಿ ಹೆಚ್ಚುವ ಕೆಲಸ. ಅಲ್ಲಿ ಹೆಚ್ಚುವವರು ಅವರವರ ಚಾಕು ಅವರೇ ತರಬೇಕು. ತಮ್ಮಪ್ಪ ಮಾಡಿಕೊಟ್ಟ ಚಾಕುವಿನಲ್ಲೇ ಅತ್ತೆ ವರ್ಷಗಟ್ಟಲೆ ಹೆಚ್ಚಿದ್ದರು. ಸಾಣೆ ಹಿಡಿದೂ ಹಿಡಿದೂ ಅದು ಸವೆದು ಬೆರಳಗಲಕ್ಕೆ ಬಂದು, ಹೋದ ವರ್ಷ ಒಂದು ಕುಂಬಳಕಾಯಿಯೊಳಗೆ ಕೊನೆಯುಸಿರೆಳೆಯಿತು. ಅಷ್ಟರಲ್ಲಿ ಅವರ ಬಲಗೈ ಹೆಬ್ಬೆರಳಿನ ಬುಡ ಊದಿಕೊಂಡು, ಹಿಡಿದದ್ದು ಜಾರುವಂತಾಗಿತ್ತು. ಮಾವನ ಚಾಕು ಒಯ್ದರು. ನಡುಹಗಲು ಆಗುವಷ್ಟರಲ್ಲಿ ಅದರ ಭಾರಕ್ಕೆ ಕೈ ಮೊಣಕೈವರೆಗೆ ಸೇದತೊಡಗುತ್ತಿತ್ತು. ಮೇಜಿನಲ್ಲಿ ಎಲ್ಲರ ಬುಟ್ಟಿ ಖಾಲಿಯಾದಾಗ ಅತ್ತೆಯ ಬುಟ್ಟಿಯಲ್ಲಿ ಅರ್ಧ ಉಳಿದಿರುತ್ತಿತ್ತು.

ಕ್ಯಾಂಟೀನಿನ ಹೊಸ ಮೇಸ್ತ್ರಿ ಕೆಟ್ಟವನೇನಲ್ಲ. ‘ತಿಂಗಳ ಕೊನೆವರೆಗೆ ನೋಡ್ತೀನಮ್ಮ. ಆಗ್ಲಿಲ್ಲ ಅಂದ್ರೆ ತೊಳೆಯೋ ಕಡೆಗೆ ಹಾಕ್ತೀನಿ, ಕೆಲಸವೇನೂ ಹೋಗಲ್ಲ,’ ಎಂದ. ತೊಳೆಯುವ ಕಡೆ ಎಂದರೆ ಹಿಂಬದಿಯ ಕತ್ತಲೆ ಜಾಗ, ಜಿಡ್ಡು ಹಿಡಿದ ಹಂಡೆಗಳು, ಇಡೀ ದಿನ ತಣ್ಣೀರು. ನೋಯುವ ಕೀಲಿಗೆ ಅದಕ್ಕಿಂತ ದೊಡ್ಡ ಶತ್ರು ಇಲ್ಲ.

‘ಹೆಚ್ಚೋ ಮೇಜಲ್ಲಿದ್ರೆ ನಾನು ಅಡುಗೆಯವಳು,’ ಎಂದು ಅತ್ತೆ ಆ ಸಂಜೆ ಊಟಕ್ಕೆ ಕುಳಿತಾಗ ಹೇಳಿದರು. ‘ಅಲ್ಲಿಗೆ ಹೋದ್ರೆ ಪಾತ್ರೆಯವಳು. ಅಷ್ಟೇ ವ್ಯತ್ಯಾಸ.’

ನಾನು ಸಮಾಧಾನಕ್ಕೆ ಏನೋ ಹೇಳಹೊರಟೆ, ಬಾಯಲ್ಲಿ ಅನ್ನವಿದ್ದದ್ದರಿಂದ ಎಲ್ಲರ ಮಾನ ಉಳಿಯಿತು. ಮಾವ ಮಾತ್ರ ತುತ್ತನ್ನು ತಟ್ಟೆಯಲ್ಲೇ ಬಿಟ್ಟು ಎದ್ದರು. ಕುಲುಮೆಯಿಂದ ಸುಣ್ಣದ ಕಡ್ಡಿ ತಂದು ಅಡುಗೆಮನೆಯ ನೆಲದ ಮೇಲೆಯೇ ಒಂದು ಚಾಕು ಬರೆದರು.

ಅದು ಎರಡೂ ಕಡೆಯ ಚಾಕು. ಹೊಟ್ಟೆ ನಮ್ಮ ಕಡೆಯದು: ಉಬ್ಬಿದ್ದರೆ ಚಾಕುವನ್ನು ಎತ್ತದೆ ತೊಟ್ಟಿಲಿನಂತೆ ತೂಗಿಯೇ ಹೆಚ್ಚಬಹುದು, ಹೆಬ್ಬೆರಳಿಗೆ ಕೆಲಸ ಕಡಿಮೆ. ತೆಳುಮೈ, ಒಂದೇ ಮಗ್ಗುಲ ಬಾಯಿ, ನೀರಿನ ಹದ ಅವರ ಕಡೆಯದು: ಹಗುರವಾಗಿರಬೇಕು, ತಾನಾಗಿಯೇ ಇಳಿಯಬೇಕು. ಹಿಡಿ ಮತ್ತೆ ನಮ್ಮದು, ದಪ್ಪ ಮರದ್ದು.

‘ನಿಮ್ಮ ಹೊಟ್ಟೆ ನಿಮಗೆ ಸಾಲ್ದು ಅಂತ ನನ್ನ ಚಾಕುಗೂ ಬರಿಸ್ತೀರಾ?’ ಎಂದರು ಅತ್ತೆ. ಆದರೆ ಬಗ್ಗಿ ನೋಡಿದರು. ನೋಡಿ, ಸೆರಗಿನ ತುದಿಯಿಂದ ಹೊಟ್ಟೆಯ ಗೆರೆಯನ್ನು ಒರೆಸಿ, ಊದಿದ ಹೆಬ್ಬೆರಳಿನಿಂದಲೇ ಸ್ವಲ್ಪ ಸಣ್ಣದಾಗಿ ತಿದ್ದಿದರು.

ತೊಡಕು ಉಕ್ಕಿನದು. ಮಾವ ಬಳಸುವುದು ಹಳೆ ಲಾರಿಗಳ ಸ್ಪ್ರಿಂಗ್ ಪಟ್ಟಿ. ಅದು ಎಣ್ಣೆಗೆ ಒಗ್ಗಿದ ಉಕ್ಕು. ತೆಳುವಾಗಿ ಬಡಿದು ನೀರಿಗೆ ಇಳಿಸಿದರೆ ಅಲ್ಲೇ ಸೀಳಿಹೋಗುತ್ತದೆ. ಅತ್ತೆ ಕಪಾಟಿನ ಅಡಿಯಿಂದ ಬಟ್ಟೆ ಸುತ್ತಿದ ಒಂದು ಸರಳು ತೆಗೆದರು. ಹೊರಡುವಾಗ ಅವರಪ್ಪ ಕೊಟ್ಟ ಉಕ್ಕು. ಮುದುಕ ತೀರಿಕೊಂಡು, ಅಂಗಡಿ ಮುಚ್ಚಿ, ಆ ಜಾಗದಲ್ಲಿ ಈಗ ಮೊಬೈಲ್ ಮಾರುತ್ತಾರಂತೆ. ಒಂದು ಚಾಕುವಿಗೆ ಸರಿಯಾಗಿ ಸಾಲುವಷ್ಟಿತ್ತು, ಇನ್ನೊಂದಕ್ಕಿಲ್ಲ.

ಮಾವ ಆ ಸರಳನ್ನು ಬಡಿದ ರೀತಿಯೇ ಬೇರೆ. ಚಿಲಕ, ಕೊಡಲಿ, ಗುದ್ದಲಿ ಎಂದು ಬಂದವರನ್ನೆಲ್ಲ ‘ನಾಳೆ ಬನ್ನಿ’ ಎಂದು ಅಟ್ಟಿ, ಸಣ್ಣ ಸುತ್ತಿಗೆ ಹಿಡಿದು ರೊಟ್ಟಿ ತಟ್ಟುವವರಂತೆ ತಟ್ಟಿದರು. ಅತ್ತೆ ಕೆಲಸದಿಂದ ಬಂದವರೇ ಕೈಕಾಲು ತೊಳೆಯದೆ ಅಡೆಗಲ್ಲಿನ ಪಕ್ಕ ನಿಲ್ಲುತ್ತಿದ್ದರು.

‘ಇಲ್ಲಿ ದಪ್ಪ.’

‘ದಪ್ಪ ಇರ್ಲಿ ಬಿಡೇ, ಹಿಡಿ ಹತ್ರ ಬಲ ಬೇಕು.’

‘ಬಲ ನಿಮಗೆ ಬೇಕು. ಚಾಕುಗೆ ಬೇಡ.’

ಮದುವೆಯಾದಾಗಿನಿಂದ ತಗಡಿನ ಬಾಗಿಲಿನ ಆಚೀಚೆ ಬದುಕಿದ ಇಬ್ಬರು ಒಂದೇ ಕಬ್ಬಿಣದ ಮೇಲೆ ಬಗ್ಗಿದ್ದನ್ನು ನಾನು ಮೊದಲ ಸಲ ನೋಡಿದ್ದು. ನನ್ನ ಅಭಿಪ್ರಾಯವನ್ನೂ ಒಮ್ಮೆ ಕೇಳಿದರು. ಬೆಳಕಿಗೆ ಹಿಡಿದು ನೋಡಿ ‘ಸೊಟ್ಟ ಇಲ್ಲ’ ಎಂದೆ. ನನಗೆ ಬರುವುದು ಅದೊಂದೇ ವಿದ್ಯೆ.

ಹದ ಹಾಕುವುದನ್ನು ರಜಾದಿನದ ಮಧ್ಯಾಹ್ನಕ್ಕೆ ಇಟ್ಟುಕೊಂಡರು. ಉಕ್ಕಿನ ಬಣ್ಣ ನಿಜವಾಗಿ ಕಾಣಬೇಕಾದರೆ ಕತ್ತಲೆ ಬೇಕು. ಬೀದಿಯ ಶಟರ್ ಎಳೆದು, ಕಿಟಕಿಗೆ ಗೋಣಿ ಕಟ್ಟಿದೆವು. ಬಣ್ಣ ಹೇಳಬೇಕಾದವರು ಅತ್ತೆ. ಹುಡುಗಿಯಾಗಿದ್ದಾಗ ಅಪ್ಪನ ಪಕ್ಕದಲ್ಲಿ ನಿಂತು ಅದನ್ನು ಸಾಕಷ್ಟು ನೋಡಿದ್ದರು. ಇಕ್ಕಳ ಮಾವನ ಕೈಯಲ್ಲಿ. ಅತ್ತೆಯ ಹಿಡಿತ ಅದಕ್ಕೆ ಸಾಲದು. ಗಾಳಿ ಹಾಕುವ ಬ್ಲೋವರಿನ ಗುಂಡಿ ನನಗೆ. ಒತ್ತುವುದು, ಬಿಡುವುದು.

‘ನೆನಪಿದೆ ಅಲ್ವಾ?’ ಎಂದರು ಅತ್ತೆ. ‘ನೀರು, ಆಮೇಲೆ ಕೆಂಡ. ನಡುವೆ ಏನಿಲ್ಲ.’

‘ನಾನೇನು ಎಳೆ ಮಗುವಾ?’

‘ಮಗುವಾಗಿದ್ರೆ ಹೇಳ್ತಿರ್ಲಿಲ್ಲ. ಹೇಳಿದ್ದು ಕೇಳ್ತಿತ್ತು.’

ಅಲಗು ಕೆಂಡದಲ್ಲಿ ಮೊದಲು ಕಪ್ಪಗೇ ಇತ್ತು, ಆಮೇಲೆ ಒಳಗಿನಿಂದ ಯಾರೋ ದೀಪ ಹಚ್ಚಿದಂತೆ ಕೆಂಪಾಗುತ್ತಾ ಬಂತು. ಮಾವ ಒಂದು ಸಲ ಎತ್ತಲು ಹೋದರು. ‘ಊಹೂಂ’ ಎಂದರು ಅತ್ತೆ. ಬೆವರು ಅವರ ಗಲ್ಲದಿಂದ ತೊಟ್ಟಿಕ್ಕುತ್ತಿತ್ತು. ‘ತುದಿ ಇನ್ನೂ ಬಂದಿಲ್ಲ... ಬಂತು... ಈಗ.’

ಅಲಗು ನೀರಿಗೆ ಇಳಿಯಿತು. ನೀರು ಒಮ್ಮೆ ಕೂಗಿ ಸುಮ್ಮನಾಯಿತು. ಮೂವರೂ ಕಿವಿಗೊಟ್ಟೆವು. ಸೀಳಿದರೆ ಆಗಲೇ ಟಿಣ್ ಎನ್ನಬೇಕು. ಎನ್ನಲಿಲ್ಲ. ಅತ್ತೆ ಉಸಿರು ಬಿಟ್ಟದ್ದು ನನಗೆ ಕೇಳಿಸಿತು. ಮಾವ ಅಲಗನ್ನು ಮೇಲೆತ್ತಿದರು. ಕೆಂಡದ ಬೆಳಕಿಗೆ ಅದು ಬೂದುಬಣ್ಣದಲ್ಲಿ, ಎಲ್ಲೂ ಬಾಗದೆ, ನೀರು ಸುರಿಸುತ್ತ ಕಂಡಿತು. ಆ ಹೊತ್ತಿಗೆ ಮಾವನ ಮುಖದಲ್ಲಿದ್ದ ಸಂತೋಷವನ್ನು ನಾನು ನೋಡದೇ ಇದ್ದಿದ್ದರೆ ಚೆನ್ನಾಗಿತ್ತು.

ಅತ್ತೆ ಕೆಂಡದ ತಟ್ಟೆ ತರಲು ಆಚೆ ತಿರುಗಿದರು. ಮಾವ ಅಡೆಗಲ್ಲಿನ ಕಡೆ ತಿರುಗಿದರು. ಅವರು ಯೋಚಿಸಿ ತಿರುಗಲಿಲ್ಲ. ಅಲಗು ಕೈಯಲ್ಲಿದೆ, ಹದ ಆಗಿದೆ, ಮುಂದಿನದು ಇದೇ ಎಂದು ಅಜ್ಜ ಅಪ್ಪಂದಿರ ಕಾಲದಿಂದ ಆ ತೋಳಿಗೆ ಗೊತ್ತಿತ್ತು. ನಾನು ‘ಮಾವಾ’ ಎನ್ನುವಷ್ಟರಲ್ಲಿ ತೋಳು ಇಳಿದಿತ್ತು.

ಎರಡನೆಯ ಏಟಿಗೆ ಕೆಲಸ ಉಳಿಯಲಿಲ್ಲ. ಒಂದೇ ಏಟಿಗೆ ಮುಂಭಾಗ ಹಾರಿ ಗೋಡೆಗೆ ತಗುಲಿ ಇದ್ದಿಲಿನ ರಾಶಿಗೆ ಬಿತ್ತು. ಇಕ್ಕಳದಲ್ಲಿ ಅಂಗೈಯಷ್ಟು ಉದ್ದದ ತುಂಡು ನಿಂತಿತ್ತು.

ಅತ್ತೆ ಕೆಂಡದ ತಟ್ಟೆ ಹಿಡಿದುಕೊಂಡೇ ತಿರುಗಿದರು. ಸದ್ದಿನಿಂದಲೇ ಅವರಿಗೆ ತಿಳಿದಿತ್ತು. ತಟ್ಟೆಯನ್ನು ನಿಧಾನವಾಗಿ ನೆಲಕ್ಕಿಟ್ಟು ನನಗೆ ಹೇಳಿದರು, ‘ಶಟರ್ ತೆಗಿಯಪ್ಪ. ಸೆಕೆ.’

ಬೆಳಕು ಬಂದಾಗ ನಾನು ಇದ್ದಿಲಿನಲ್ಲಿ ತುಂಡನ್ನು ಹುಡುಕಿ ತೆಗೆದೆ. ಏನಾದರೂ ಹೇಳಲೇಬೇಕು ಎನ್ನುವ ರೋಗ ನನಗಿದೆ. ‘ಈ ಗಿಡ್ಡದ್ದನ್ನೇ ಸಣ್ಣ ಚಾಕು ಮಾಡಬಹುದಲ್ವಾ?’ ಎಂದೆ. ಮಾವ ಕೈಯಲ್ಲಿದ್ದ ತುಂಡನ್ನು ತಿರುಗಿಸಿ ತೋರಿಸಿದರು. ಕೂದಲೆಳೆಯಂಥ ಬಿರುಕು ಹಿಡಿ ಕೂರಬೇಕಾದ ಬುಡದವರೆಗೂ ಓಡಿತ್ತು.

‘ನಾನಲ್ಲ ಕಣೇ,’ ಎಂದರು ಮಾವ. ‘ಕೈ ಅದು.’

‘ಗೊತ್ತು.’

‘ಬೈದಾದ್ರೂ ಬೈಯಿ.’

‘ಕೈಗೆ ಕಿವಿ ಇಲ್ಲ ರೀ,’ ಎಂದು ಅತ್ತೆ ತಗಡಿನ ಬಾಗಿಲು ದಾಟಿ ಒಳಗೆ ಹೋದರು.

ಮರುದಿನ ನಾನು ಕಾರ್ಖಾನೆಯಿಂದ ನಮ್ಮಲ್ಲಿ ಇರುವುದರಲ್ಲೇ ಒಳ್ಳೆಯ ಚಾಕು ಕೊಂಡುತಂದೆ. ಹಗುರ, ರಬ್ಬರಿನ ಹಿಡಿ, ಡಬ್ಬಿಯ ಮೇಲೆ ನಗುತ್ತಿರುವ ಹೆಂಗಸು. ನಾನೇ ಪರೀಕ್ಷಿಸಿ ಪಾಸು ಮಾಡಿದ್ದು. ಅತ್ತೆ ಮುಖ ಮುರಿಯದೆ ತೆಗೆದುಕೊಂಡು ಹೋದರು. ಮೊದಲೆರಡು ದಿನ ಬುಟ್ಟಿ ಖಾಲಿಯಾಯಿತು. ಆಮೇಲೆ ಅದರ ಬಾಯಿ ಮಡಚಿಕೊಳ್ಳತೊಡಗಿತು. ಮಾವ ದಿನಾ ಸಂಜೆ ಅದನ್ನು ಸಾಣೆ ಹಿಡಿದು ಕೊಟ್ಟರೂ ಮಧ್ಯಾಹ್ನದ ಹೊತ್ತಿಗೆ ಮತ್ತೆ ಮೊಂಡು.

‘ಇದು ಹೆಚ್ಚಲ್ಲ, ಒತ್ತುತ್ತೆ,’ ಎಂದರು ಅತ್ತೆ. ‘ಒತ್ತೋಕೆ ನನ್ನ ಹತ್ರ ಹೆಬ್ಬೆರಳೆಲ್ಲಿದೆ? ಬೇಜಾರು ಮಾಡ್ಕೋಬೇಡ ಇನ್ಸ್‌ಪೆಕ್ಟರೇ, ನೀನು ನೋಡೋದು ಸೊಟ್ಟ ಇದೆಯಾ ಅಂತ ಮಾತ್ರ.’ ಆ ಹೆಸರಿನಿಂದ ಅವರು ನನ್ನನ್ನು ಕರೆದದ್ದು ಅದೇ ಮೊದಲು.

ತಿಂಗಳು ಮುಗಿಯಿತು. ಮೇಸ್ತ್ರಿ ತನ್ನ ಮಾತಿನಂತೆ ನಡೆದುಕೊಂಡ. ಅತ್ತೆಯ ಏಪ್ರನ್ ಬದಲಾಯಿತು. ಬಟ್ಟೆಯದರ ಬದಲು ಮೊಣಕಾಲು ದಾಟುವ ಪ್ಲಾಸ್ಟಿಕ್ಕಿನದು. ಈಗ ಸಂಜೆ ಬರುವಾಗ ಅವರ ಬೆರಳುಗಳು ನೆನೆದು ಸುಕ್ಕುಗಟ್ಟಿ ಬೆಳ್ಳಗಿರುತ್ತವೆ. ಮೇಜಿನ ಗೆಳತಿಯರ ಸುದ್ದಿ ಹೇಳುವುದು ನಿಂತಿದೆ. ಹಂಡೆಗಳ ಸದ್ದಿನಲ್ಲಿ ಯಾರ ಮಾತೂ ಯಾರಿಗೂ ಕೇಳಿಸುವುದಿಲ್ಲವಂತೆ. ಬಾಗಿಲಿನ ಚಿಲಕ ತೆಗೆಯಲೂ ಎರಡು ಕೈ ಬೇಕು.

ಮಾವ ಕೆಲಸ ಬಿಟ್ಟಿಲ್ಲ. ಕೊಡಲಿ, ಗುದ್ದಲಿ ಎಂದು ಬಂದವರಿಗೆ ಮಾಡಿಕೊಡುತ್ತಾರೆ. ಯಾರಾದರೂ ಅಡುಗೆಯ ಚಾಕು ಕೇಳಿದರೆ ‘ಕಾರ್ಖಾನೆಯದ್ದು ತಗೊಳ್ಳಿ, ನಮ್ಮ ಅಳಿಯ ಪಾಸ್ ಮಾಡಿರ್ತಾನೆ’ ಎನ್ನುತ್ತಾರೆ. ಅದರಲ್ಲಿ ವ್ಯಂಗ್ಯವಿದ್ದಿದ್ದರೆ ನನಗೆ ಹಗುರವಾಗುತ್ತಿತ್ತು.

ಹೋದ ವಾರ ಕೆಲಸ ಮುಗಿಸಿ ಬಂದಾಗ ಕುಲುಮೆ ತಣ್ಣಗಿತ್ತು. ಅಡುಗೆಮನೆಯಲ್ಲಿ ಅತ್ತೆ ಕುರ್ಚಿಯ ಮೇಲೆ ಕೈಗಳನ್ನು ಬಿಸಿನೀರಿನ ಬೋಗುಣಿಯಲ್ಲಿಟ್ಟು ಕುಳಿತಿದ್ದರು. ಮಾವ ನೆಲದ ಮೇಲೆ ಮಣೆ ಹಾಕಿಕೊಂಡು ಈರುಳ್ಳಿ ಹೆಚ್ಚುತ್ತಿದ್ದರು. ಆಯಸ್ಸಿನಲ್ಲಿ ಸಾವಿರಾರು ಚಾಕು ಮಾಡಿದ ಮನುಷ್ಯ ಚಾಕುವನ್ನು ಸುತ್ತಿಗೆ ಹಿಡಿದಂತೆ ಹಿಡಿದಿದ್ದರು. ಒಂದು ಹೋಳು ಹೆಬ್ಬೆರಳಿನಷ್ಟು, ಇನ್ನೊಂದು ಅರ್ಧ ಈರುಳ್ಳಿಯಷ್ಟು. ಕಣ್ಣಿನಿಂದ ನೀರು ಸುರಿಯುತ್ತಿತ್ತು.

‘ಗೋಡೆ ಕಟ್ತಿದೀರಾ? ಸಣ್ಣಗೆ,’ ಎಂದರು ಅತ್ತೆ.

‘ಸಣ್ಣಗೇ ಇದೆ.’

‘ಬೆರಳು ಒಳಗೆ ಮಡಚ್ಕೊಳ್ಳಿ. ಅಯ್ಯೋ, ಹಾಗಲ್ಲ. ತುದಿ ಮಣೆ ಮೇಲೇ ಇರ್ಲಿ. ಎತ್ತಬೇಡಿ. ತೂಗಿ.’

ಮಾವ ಮೂಗೊರೆಸಿಕೊಂಡು ಮತ್ತೆ ಶುರು ಮಾಡಿದರು. ಅತ್ತೆಗೆ ತಡೆಯಲಾಗಲಿಲ್ಲ. ನೀರಿನಿಂದ ಒಂದು ಕೈ ತೆಗೆದು ಚಾಕುವಿಗಾಗಿ ಚಾಚಿದರು. ಮಾವ ಕೊಟ್ಟರು. ಒದ್ದೆ ಬೆರಳುಗಳು ಹಿಡಿಯ ಸುತ್ತ ಮುಚ್ಚಿಕೊಂಡವು, ಹೆಬ್ಬೆರಳು ಮಾತ್ರ ಹೊರಗೇ ನಿಂತಿತು. ಸ್ವಲ್ಪ ಹೊತ್ತು ಹಾಗೇ ಹಿಡಿದಿದ್ದು, ಚಾಕುವನ್ನು ಮಣೆಯ ಮೇಲಿಟ್ಟು ಕೈಯನ್ನು ಮತ್ತೆ ಬೋಗುಣಿಗೆ ಇಳಿಸಿದರು.

‘ನೀವೇ ಹೆಚ್ಚಿ,’ ಎಂದರು. ‘ನಾನು ಹೇಳ್ತೀನಿ.’