ಆರನೆಯ ತೂತು

ಬೆಳಗಿನ ಐದೂಮುಕ್ಕಾಲು. ಡಬ್ಬಿಯ ಮುಚ್ಚಳ ಮಾಡುವ ಶೆಡ್ಡಿನ ಬಾಗಿಲು ಅರ್ಧ ಎತ್ತಿದೆ. ಒಳಗೆ ಸಾಲಾಗಿ ಏಳು ಪ್ರೆಸ್ ಯಂತ್ರಗಳು, ಇನ್ನೂ ಯಾವುದೂ ಎದ್ದಿಲ್ಲ. ಕೊನೆಯ ಯಂತ್ರದ ಮುಂದೆ ಐವತ್ತು ದಾಟಿದ ಹೆಂಗಸೊಬ್ಬರು ಮಂಡಿಯೂರಿ ಕುಳಿತಿದ್ದಾರೆ. ಬಾಯಲ್ಲಿ ಟಾರ್ಚು, ಒಂದು ಕೈಯಲ್ಲಿ ಕಡಲೆಕಾಳಿನಷ್ಟು ದಪ್ಪದ ರಿವೆಟ್, ಇನ್ನೊಂದರಲ್ಲಿ ಪುಟ್ಟ ಸುತ್ತಿಗೆ. ಯಂತ್ರದ ಮುಂದಿನ ಉಕ್ಕಿನ ಪೆಟ್ಟಿಗೆಯಲ್ಲಿ ಒಂದು ತೂತಿದೆ. ಅದರೊಳಗಿನ ತಗಡಿನ ಪುಡಿಯನ್ನು ಬ್ರಷ್ಷಿನಿಂದ ಎಳೆದು ತೆಗೆಯುತ್ತಾರೆ, ರಿವೆಟ್ ಕೂರಿಸಿ ಮೂರು ಪೆಟ್ಟು ಕೊಡುತ್ತಾರೆ. ನಾಲ್ಕು ನಿಮಿಷದ ಕೆಲಸ. ಈ ನಾಲ್ಕು ನಿಮಿಷದಲ್ಲಿ ಅವರು ತಮ್ಮ ಮೊಕದ್ದಮೆಯ ಕೊನೆಯ ಸಾಕ್ಷಿಯನ್ನು ತಮ್ಮ ಕೈಯಾರೆ ಅಳಿಸಿದ್ದಾರೆ.

ಈ ಶೆಡ್ಡುಗಳ ಸಾಲಿನಲ್ಲಿ ಅವರನ್ನು ಎಲ್ಲರೂ ರಿವೆಟ್ ಅಕ್ಕ ಎನ್ನುತ್ತಾರೆ. ಕೆಟ್ಟ ಪ್ರೆಸ್‌ಗಳನ್ನು ರಿಪೇರಿ ಮಾಡುವುದು ಇವರ ಕಸುಬು. ಹನ್ನೊಂದು ವರ್ಷದ ಹಿಂದೆ ಪಕ್ಕದ ಶೆಡ್ಡಿನಲ್ಲಿ ಇವರ ತಂಗಿಯ ಎರಡು ಬೆರಳು ಹೋದವು. ದಿನಕ್ಕೆ ಆರು ಸಾವಿರ ಮುಚ್ಚಳ ಒತ್ತುವ ಕೈ ಅದು. "ನೋಡ್ಕೊಂಡು ಕೆಲಸ ಮಾಡಬಾರದಾ?" ಎಂದರಂತೆ ಮಾಲೀಕರು.

"ಅವಳು ನೋಡ್ಕೊಂಡೇ ಮಾಡ್ತಿದ್ಲು. ನೋಡದೆ ಇದ್ದದ್ದು ಯಂತ್ರ," ಎನ್ನುತ್ತಾರೆ ಅಕ್ಕ. "ಅದಕ್ಕೆ, ಯಂತ್ರಕ್ಕೇ ಒಂದು ಕಣ್ಣು ಮಾಡೋಣ ಅನ್ನಿಸ್ತು."

ಎರಡು ವರ್ಷದ ಭಾನುವಾರಗಳನ್ನು ತಿಂದ ಆ ಕಣ್ಣಿಗೆ ಅವರಿಟ್ಟ ಹೆಸರು ಕೈತಡೆ. ಪೆಡಲ್ ತುಳಿದರೆ ಮೊದಲು ಒಂದು ಹಗುರ ಪಟ್ಟಿ ಇಳಿಯುತ್ತದೆ. ಕೆಳಗೆ ಕೈಯಿದ್ದರೆ ಪಟ್ಟಿ ಅರ್ಧಕ್ಕೇ ನಿಲ್ಲುತ್ತದೆ, ಪೆಟ್ಟಿಗೆಯೊಳಗಿನ ಸ್ಪ್ರಿಂಗು ಪೆಡಲನ್ನು ಬಿಗಿಹಿಡಿಯುತ್ತದೆ. ಪರೀಕ್ಷೆಗೆ ಕೈಯ ಬದಲು ಕ್ಯಾರೆಟ್ ಇಡುತ್ತಿದ್ದರು. ತಂಗಿಗೆ ಇವತ್ತಿಗೂ ಕ್ಯಾರೆಟ್ ಕಂಡರೆ ಆಗದು.

ಪೇಟೆಂಟ್‌ಗೆ ಅರ್ಜಿ ಹಾಕಿದ ಮೇಲೆ ಅಕ್ಕ ಒಂದು ದೊಡ್ಡ ಯಂತ್ರ ಕಂಪನಿಯ ಬಾಗಿಲು ತಟ್ಟಿದರು: ಲೈಸೆನ್ಸ್ ಕೊಡುತ್ತೇನೆ, ನಿಮ್ಮ ಎಲ್ಲ ಪ್ರೆಸ್‌ಗೂ ಹಾಕಿ. ಕಂಪನಿಯವರು ಕುರ್ಚಿ ಕೊಟ್ಟರು, ಕಾಫಿ ಕೊಟ್ಟರು, ಮಾದರಿಯನ್ನು ಮೂರು ವಾರ ಇಟ್ಟುಕೊಂಡರು. ಆಮೇಲೆ ಒಂದು ಸಾಲಿನ ಪತ್ರದೊಂದಿಗೆ ಹಿಂತಿರುಗಿಸಿದರು: ನಮ್ಮ ಯಂತ್ರಗಳಿಗೆ ಹೊಂದುವುದಿಲ್ಲ.

ಮರುವರ್ಷ ಅದೇ ಕಂಪನಿಯ ಹೊಸ ಪ್ರೆಸ್‌ಗಳು ಈ ಶೆಡ್ಡುಗಳಿಗೆ ಬಂದವು. ಮುಂದೆ ಕೈತಡೆ. ಪೆಟ್ಟಿಗೆಗೆ ಆರು ತೂತು.

ಪೆಟ್ಟಿಗೆಗೆ ಬೇಕಾದದ್ದು ಐದು ತಿರುಪು, ಐದು ತೂತು. ಆರನೆಯದು ಅಕ್ಕ ಕಂಪನಿಗೆ ಕೊಟ್ಟಿದ್ದ ಆ ಮೊದಲ ಮಾದರಿಯಲ್ಲಿ ಗೆರೆ ತಪ್ಪಿ ಕೊರೆದದ್ದು. ಪೇಟೆಂಟ್ ನಕ್ಷೆಯಲ್ಲಿ ಅದು ಇಲ್ಲ. ಕಂಪನಿಯ ಮಹಾನುಭಾವರು ತಪ್ಪನ್ನೂ ಬಿಡದೆ ಬಾಚಿಕೊಂಡಿದ್ದಾರೆ, ಕೈಪಿಡಿಯಲ್ಲಿ ಅದಕ್ಕೆ 'ಗಾಳಿಕಿಂಡಿ' ಎಂದು ನಾಮಕರಣ ಬೇರೆ ಮಾಡಿದ್ದಾರೆ. ಕದಿಯುವುದಕ್ಕೂ ಒಂದಿಷ್ಟು ಬುದ್ಧಿ ಬೇಡವೇ?

ಅಕ್ಕ ಮೊಕದ್ದಮೆ ಹೂಡಿದರು. ನ್ಯಾಯಾಲಯದಲ್ಲಿ ಕಂಪನಿ ಹೇಳುವುದು, ಇದನ್ನು ನಮ್ಮ ಎಂಜಿನಿಯರುಗಳೇ ಮೊದಲು ಮಾಡಿದ್ದರು, ಆಕೆಯ ಮಾದರಿಯ ತಿರುಪನ್ನು ನಾವು ಬಿಚ್ಚಿಯೂ ನೋಡಿಲ್ಲ ಎಂದು. ಅಕ್ಕನ ವಕೀಲರು ಹಿಗ್ಗಿದರು. ಕೈಪಿಡಿಯಲ್ಲಿರುವುದು ಬರೀ ಹೆಸರು; ನ್ಯಾಯಾಲಯದ ಕಡೆಯವರು ಬಂದು ಆರನೆಯ ತೂತು ಅಕ್ಕನ ಮಾದರಿಯ ಜಾಗದಲ್ಲೇ ಇರುವುದನ್ನು ಯಂತ್ರದ ಮೇಲೆಯೇ ನೋಡಿದರೆ ಮುಗಿಯಿತು. ನೋಡಲು ಅಪ್ಪಣೆಯಾಗಿರುವುದು ಈ ಸಾಲಿನ ಯಂತ್ರಗಳನ್ನು ಮಾತ್ರ, ಆದರೆ ಅವರು ಬರುವ ದಿನ ಮೂರು ಸಲ ಮುಂದೆ ಹೋಗಿದೆ.

ಅಷ್ಟರಲ್ಲಿ ಒಂದು ಶೆಡ್ಡಿನಲ್ಲಿ ಪಟ್ಟಿ ಇಳಿಯಿತು, ಪೆಡಲ್ ಮಾತ್ರ ನಿಲ್ಲಲಿಲ್ಲ. ಒಬ್ಬ ಹೆಂಗಸಿನ ತೋಳಿನ ಬಟ್ಟೆ ಹರಿಯಿತು, ಕೈ ಕೂದಲೆಳೆಯಲ್ಲಿ ಉಳಿಯಿತು. ಅಕ್ಕ ಪೆಟ್ಟಿಗೆ ಬಿಚ್ಚಿದರೆ ಸ್ಪ್ರಿಂಗಿನ ತುಂಬ ತಗಡಿನ ಪುಡಿ. ಒಳಗೆ ಹೋದದ್ದು ಆರನೆಯ ತೂತಿನಿಂದ.

ಕಂಪನಿಗೆ ನಾಲ್ಕು ಪತ್ರ ಬರೆದರು: ತೂತು ಮುಚ್ಚಿ. ಬಂದ ಉತ್ತರ, 'ಗಾಳಿಕಿಂಡಿ ನಮ್ಮ ವಿನ್ಯಾಸದ ಮುಖ್ಯ ಅಂಗ.' ಮುಚ್ಚಿದರೆ ತಪ್ಪು ಒಪ್ಪಿಕೊಂಡಂತೆ. ಇತ್ತ ಅಕ್ಕನ ವಕೀಲರೂ ಮುಚ್ಚಬೇಡಿ ಎಂದರು. ಮುಚ್ಚಿದರೆ, ಆ ಜಾಗದ ತೂತು ಆಕೆಯೇ ಕೊರೆದು ಆಕೆಯೇ ಮುಚ್ಚಿದ್ದು ಎನ್ನುತ್ತದೆ ಕಂಪನಿ. ಎರಡೂ ಕಡೆಯ ಕರಿಕೋಟುಗಳಿಗೆ ತೂತು ಬೇಕು. ಬೇಡದಿರುವುದು ಯಂತ್ರದ ಮುಂದೆ ಕೂರುವ ಕೈಗಳಿಗೆ ಮಾತ್ರ. ಇದನ್ನು ಬರೆಯುವಾಗ ನನ್ನ ಮೈ ಉರಿಯುತ್ತಿದೆ.

ಈಚೆಗೆ ಕಂಪನಿ ರಾಜಿಗೆ ಬಂದಿದೆ. ಹನ್ನೊಂದು ಪುಟದ ಲೈಸೆನ್ಸ್ ಕರಾರು, ಕೈತುಂಬ ಹಣ. ಏಳನೆಯ ಪುಟದಲ್ಲಿ ಸಣ್ಣ ಅಕ್ಷರದ ಷರತ್ತು: ತೂತಿನ ಬಗ್ಗೆ ತುಟಿ ಬಿಚ್ಚಬಾರದು, ಮಾರಿದ ಯಂತ್ರಗಳನ್ನು ಮುಟ್ಟಬಾರದು. ಅಕ್ಕ ಸಹಿ ಹಾಕದೆ ವಾಪಸ್ ಕಳಿಸಿದರು.

"ಹಣ ಬಂದ್ರೆ ನಮಗೇನು ಕಚ್ಚುತ್ತಾ?" ಎಂದು ತಂಗಿ ಸಿಡುಕುತ್ತಾರೆ. "ಆದ್ರೆ ನಮ್ಮ ಬಾಯಿಗೆ ಬೀಗ ಹಾಕಿ ಕೀಲಿಕೈ ಅವರ ಜೇಬಿಗೆ ಹಾಕ್ಬೇಕಂತೆ. ಹೋಗ್ರೀ!"

ಅಂದಿನಿಂದ ದಿನಾ ಬೆಳಿಗ್ಗೆ, ಕೆಲಸ ಶುರುವಾಗುವ ಮೊದಲು, ಒಂದೋ ಎರಡೋ ಯಂತ್ರ. ಈ ಸಾಲಿನ ಮೂವತ್ತೆರಡರಲ್ಲಿ ಮೂವತ್ತೊಂದು ಮುಗಿದಾಗ ವಕೀಲರು ಕೈಮುಗಿದರಂತೆ. "ಅಮ್ಮಾ, ಒಂದನ್ನಾದ್ರೂ ಬಿಡಿ."

"ಬಿಡೋಣ ಸಾರ್. ಅದರ ಮುಂದೆ ಯಾರನ್ನ ಕೂರಿಸೋಣ, ನೀವೇ ಹೇಳಿ ಅಂದೆ," ಎನ್ನುತ್ತಾರೆ ಅಕ್ಕ.

ಉಳಿದ ಆ ಒಂದು, ಈ ಶೆಡ್ಡಿನ ಕೊನೆಯದು, ತಂಗಿ ಈಗ ಕೂರುವ ಯಂತ್ರ. ತಂಗಿ ಮೊಂಡು ಹಿಡಿದಿದ್ದರು: "ನಂದೇ ಬಿಡು ಅಕ್ಕ, ನಾನು ಹುಷಾರಾಗಿರ್ತೀನಿ. ಅವರು ನಿನ್ನೆದುರು ತಲೆ ತಗ್ಗಿಸೋದನ್ನ ನಾನು ನೋಡ್ಬೇಕು." ಜಗಳ ಎಷ್ಟು ಜೋರಾಯಿತೆಂದರೆ ಎರಡು ದಿನ ತಂಗಿ ಅಕ್ಕನ ಜಡೆ ಹಾಕಲಿಲ್ಲ. ಸುತ್ತಿಗೆ ಬೀಸಿ ಬೀಸಿ ಹೆಗಲು ಹಿಡಿದಿರುವ ಅಕ್ಕನಿಗೆ ಕೈ ಹಿಂದಕ್ಕೆ ಎತ್ತಲಾಗದು, ಆ ಕೆಲಸ ವರ್ಷಗಳಿಂದ ತಂಗಿಯದು.

ಈಗ ಆರೂಕಾಲು. ತಂಗಿ ಊಟದ ಡಬ್ಬಿ ಹಿಡಿದು ಒಳಗೆ ಬರುತ್ತಾರೆ. ತಮ್ಮ ಯಂತ್ರದ ಮೇಲಿನ ಹೊಸ ರಿವೆಟ್ ಕಾಣುತ್ತದೆ. ಹೆಬ್ಬೆರಳಿನಿಂದ ಅದನ್ನು ಒತ್ತಿ ನೋಡುತ್ತಾರೆ. "ಎಲ್ಲಾ ಹಾಳು ಮಾಡಿದೆಯಲ್ಲೇ," ಎನ್ನುತ್ತಾರೆ, ಕಣ್ಣು ತುಂಬಿದೆ. ಆಮೇಲೆ ಸ್ಟೂಲು ಎಳೆದು ಅಕ್ಕನ ಹಿಂದೆ ಕೂತು, ಕೆದರಿದ ಕೂದಲನ್ನು ಮೂರು ಭಾಗ ಮಾಡುತ್ತಾರೆ.

ಇನ್ನು ಮೊಕದ್ದಮೆಯ ಗತಿ ಏನು ಎಂದು ನಾನು ಕೇಳುತ್ತೇನೆ.

"ಸೋಲಬಹುದು," ಎನ್ನುತ್ತಾರೆ ಅಕ್ಕ, ತಲೆ ಅಲ್ಲಾಡಿಸದೆ. "ಸಿಟ್ಟು ಬರಲ್ವಾ ಅಂದ್ರೆ, ಬರುತ್ತೆ. ಹೊಟ್ಟೆ ಉರಿಯುತ್ತೆ. ಆದ್ರೆ ಇವಳು ಎಂಟು ಬೆರಳಲ್ಲಿ ಹಾಕೋ ಜಡೆ ಸಂಜೆವರೆಗೂ ಒಂದು ಎಳೆ ಬಿಚ್ಚಲ್ಲ, ನೋಡಿ. ಕೋರ್ಟಿನವರು ಏನಾದ್ರೂ ಬರ್ಕೊಳ್ಳಲಿ. ಆ ಎಂಟು ಎಂಟಾಗೇ ಇರ್ಲಿ."