ಅಂಜಿಕೆ ಹೇಳಿಕೊಳ್ಳುವ ಅರ್ಧ ಗಂಟೆ

ಚಿಂತೆ ಮಾಡಲು ನನಗೆ ಕಾರಣ ಬೇಕಾಗಿಲ್ಲ. ಠಾಣೆಯ ಫೋನ್ ಬಡಿದುಕೊಂಡರೆ ಎಲ್ಲಿ ಏನಾಯಿತೋ ಎಂದು ಚಿಂತೆ. ಅರ್ಧ ದಿನ ಸುಮ್ಮನಿದ್ದರೆ ಲೈನೇ ಸತ್ತಿದೆಯೇನೋ ಎಂದು ಎತ್ತಿ ಕಿವಿಗಿಟ್ಟು ನೋಡುತ್ತೇನೆ. ಇಂಥವನನ್ನು ಇಲಾಖೆ ಕಾವೇರಿ ದಂಡೆಯ ಅಗ್ನಿಶಾಮಕ ಠಾಣೆಯೊಂದಕ್ಕೆ ಅಧಿಕಾರಿಯಾಗಿ ಕೂರಿಸಿತು. "ನಿಮ್ಮ ಚಿಂತೆಗೆ ಸರ್ಕಾರ ಬೇರೆ ಭತ್ಯೆ ಕೊಡ್ಬೇಕು ಕಣ್ರೀ" ಎಂದು ಹೆಂಡತಿ ಹೇಳುವುದುಂಟು. ಅವಳು ಸೋಮವಾರಪೇಟೆ ಕಡೆಯವಳು, ತಮಾಷೆಯನ್ನೂ ಗಂಟುಮುಖ ಹಾಕಿಕೊಂಡೇ ಮಾಡುತ್ತಾಳೆ.

ಒಮ್ಮೆ ಅಧಿಕಾರಿಗಳಿಗೆ ಮೂರು ದಿನದ ತರಬೇತಿ ಇತ್ತು. ಠಾಣೆಗಳ ಸಂಸ್ಕೃತಿ ಬದಲಾಗಬೇಕು ಎನ್ನುವುದು ವಿಷಯ. ನಾನು ಎಂದಿನಂತೆ ಕೊನೆಯ ಸಾಲಿನಲ್ಲಿ, ಬಾಗಿಲಿಗೆ ಹತ್ತಿರ ಕೂತಿದ್ದೆ. ಪಾಠ ಮಾಡಲು ಬಂದಾಕೆ ಕೇಳಿದರು: "ನಿಮ್ಮ ಠಾಣೆಯಲ್ಲಿ ನನಗೆ ಭಯ ಆಗ್ತಿದೆ ಅಂತ ಹೇಳೋ ಧೈರ್ಯ ಯಾರಿಗಾದ್ರೂ ಇದೆಯಾ?" ಯಾರೂ ಕೈ ಎತ್ತಲಿಲ್ಲ. ಹೆದರಿಕೆಯನ್ನು ನುಂಗಿಕೊಂಡವನೇ ಮೊದಲು ಎಡವುತ್ತಾನೆ, ಜೊತೆಗಿದ್ದವನನ್ನೂ ಎಳೆದುಕೊಂಡು ಹೋಗುತ್ತಾನೆ ಎಂದರು. ನನಗೆ ರೋಮಾಂಚನವಾಯಿತು. ಹುಟ್ಟಿದಾಗಿನಿಂದ ಒಬ್ಬನೇ ಅಭ್ಯಾಸ ಮಾಡಿಕೊಂಡು ಬಂದ ವಿದ್ಯೆಗೆ ಕೊನೆಗೂ ಒಂದು ಶಾಸ್ತ್ರ ಸಿಕ್ಕಿತ್ತು.

ನಮ್ಮ ಠಾಣೆಗೆ ಅದರ ಅಗತ್ಯವೂ ಇತ್ತು. ಅರ್ಧಕ್ಕೂ ಹೆಚ್ಚು ಹುಡುಗರು ಬಯಲುಸೀಮೆಯವರು. ಈಜು ಕಲಿತದ್ದು ಬಾವಿಯಲ್ಲಿ, ಅಂದರೆ ಎಲ್ಲಿಗೂ ಹೋಗದೆ ಸುಮ್ಮನೆ ನಿಂತ ನೀರಿನಲ್ಲಿ. ಇಲ್ಲಿಯ ಹೊಳೆ ಮಳೆಗಾಲದಲ್ಲಿ ಮರವನ್ನು ಬೇರುಸಮೇತ ಹೊತ್ತುಕೊಂಡು ಓಡುತ್ತದೆ. ಆದರೂ ಕಡತದಲ್ಲಿ ಪ್ರತಿಯೊಬ್ಬರ ಹೆಸರಿನ ಮುಂದೆ 'ಈಜು: ಬರುತ್ತದೆ' ಎಂದೇ ಇತ್ತು.

ಸೋಮವಾರ ಬೆಳಿಗ್ಗೆ ಹಾಜರಿ ಮುಗಿದ ಮೇಲೆ ಅರ್ಧ ಗಂಟೆ ಗೊತ್ತುಮಾಡಿದೆ. ಗಾಡಿ ನಿಲ್ಲಿಸುವ ಶೆಡ್ಡಿನಲ್ಲಿ ಕುರ್ಚಿಗಳನ್ನು ಸುತ್ತಲೂ ಹಾಕಿ, ಟೋಪಿ ತೆಗೆದು, ಚಹಾ ತರಿಸಿ, ಎರಡು ನಿಯಮ ಹೇಳಿದೆ. ಕೆಲಸದಲ್ಲಿ ಯಾವುದಕ್ಕೆ ಅಂಜಿಕೆಯೋ ಅದನ್ನು ಹೇಳಬೇಕು. ಇಲ್ಲಿ ಹೇಳಿದ್ದು ಕಾಗದಕ್ಕೆ ಹೋಗುವುದಿಲ್ಲ.

ಮೊದಲ ಸೋಮವಾರ ಎಲ್ಲರೂ ಲೋಟದೊಳಗೇ ನೋಡುತ್ತಿದ್ದರು. ಕೊನೆಗೆ ವಿಜಯಪುರದವನು ಎದ್ದು ನಿಂತ. ಮೂರು ವರ್ಷದಿಂದ ಊರಿನ ಕಡೆ ವರ್ಗಾವಣೆ ಕೇಳಿ ಅರ್ಜಿ ಹಾಕುತ್ತಲೇ ಇದ್ದ ಆಸಾಮಿ.

"ನಂಗ ಅಂಜಿಕಿ ಐತ್ರೀ ಸಾಹೇಬ್ರ."

"ಹೇಳು, ಹೇಳು," ಎಂದೆ, ಕುರ್ಚಿಯ ಅಂಚಿಗೆ ಬಂದು.

"ಈ ಮೆಸ್ಸಿನ ಸಾಂಬಾರಿಂದು. ದಿನಾ ಬೆಲ್ಲ ಹಾಕ್ತಾರ್ರೀ. ಸಾರೋ ಪಾಯಸೋ ತಿಳೀವಲ್ದು."

ಶೆಡ್ಡು ಹಾರಿಹೋಗುವಂತೆ ನಕ್ಕರು. ಮುಂದಿನ ವಾರ ಜಿಗಣೆಯ ಭಯ, ಅದರ ಮುಂದಿನ ವಾರ ಕಾಫಿ ತೋಟದಲ್ಲಿ ಆನೆ ಎದುರಾಗುವ ಭಯ. ನನ್ನ ಸಂಸ್ಕೃತಿ ಬದಲಾವಣೆ ಎರಡು ತಿಂಗಳು ಹೀಗೆ ಚಹಾ ಕುಡಿದುಕೊಂಡು ಸಾಗಿತು.

ಒಂದು ಸೋಮವಾರ ಕಾಕಾ ಬಾಯಿ ಬಿಟ್ಟರು.

ಅವರು ನಮ್ಮ ಪ್ರಮುಖ ಅಗ್ನಿಶಾಮಕ, ಠಾಣೆಯಲ್ಲಿ ನನ್ನ ನಂತರ ಅವರೇ. ಮಡಿಕೇರಿ ಕಡೆಯ ಅರೆಭಾಷೆ ಆಡುವ ಮನೆಯವರು. ಬಯಲುಸೀಮೆಯ ಹುಡುಗರು ಕಾಕಾ ಎಂದು ಕರೆದು ಕರೆದು, ನಾನೂ ಮನಸ್ಸಿನಲ್ಲಿ ಹಾಗೇ ಕರೆಯುತ್ತಿದ್ದೆ. ನಿವೃತ್ತಿಗೆ ಎರಡು ವರ್ಷ ಉಳಿದಿತ್ತು. ಇಪ್ಪತ್ತು ವರ್ಷ ಬೇರೆ ಬೇರೆ ಜಿಲ್ಲೆ ಸುತ್ತಿ ಕೊನೆಗೆ ಇಲ್ಲಿಗೆ ಬಂದಿದ್ದರು. ಬಂದದ್ದೂ ಹೆಂಡತಿಗಾಗಿ. ಆಕೆಗೆ ವಾರಕ್ಕೆ ಎರಡು ಸಲ ಮಡಿಕೇರಿಯಲ್ಲಿ ಡಯಾಲಿಸಿಸ್. ಪಾಳಿಗಳನ್ನು ಆ ಎರಡು ದಿನ ಬಿಡುವಿರುವಂತೆ ಹೊಂದಿಸಿಕೊಟ್ಟಿದ್ದೆ. ಬೆಳಗಿನ ಬಸ್ಸಿಗೆ ಆಕೆಯ ಕೈ ಹಿಡಿದು ಹತ್ತಿಸುವುದು, ಸಂಜೆ ಕೈ ಹಿಡಿದು ಇಳಿಸುವುದು, ಇದರ ಸುತ್ತಲೇ ಅವರ ವಾರ ತಿರುಗುತ್ತಿತ್ತು.

"ಸಾರ್, ನನಗೆ ಹೊಳೆಗೆ ಇಳೀಲಿಕ್ಕೆ ಆಗುದಿಲ್ಲ," ಎಂದರು. ಯಾರೂ ನಗಲಿಲ್ಲ. "ಗುಡ್ಡ ಜರಿದ ವರ್ಷ ಒಬ್ಬ ಹೆಂಗಸನ್ನು ನೀರಿಂದ ಎಳೀತಾ ಇದ್ದೆ. ಕೈ ಗಟ್ಟಿ ಹಿಡ್ದಿದ್ದೇನೆ ಅಂತ್ಲೇ ಅಂದ್ಕೊಂಡಿದ್ದೆ. ಆಮೇಲೆ ನೋಡಿದ್ರೆ ಕೈಯಲ್ಲಿ ಯಾರೂ ಇರ್ಲಿಲ್ಲ. ಅದಾದ್ಮೇಲೆ ದೋಣಿಗೆ ಕಾಲಿಟ್ರೆ ಸಾಕು, ಆ ಕೈಯೇ ನೆನಪಾಗ್ತದೆ. ಡ್ರಿಲ್ಲಿನ ದಿನ ನಾನು ಮೋಟರ್ ನೋಡ್ತೇನೆ ಅಂತ ದಡದಲ್ಲೇ ಉಳಿಯುದು. ನೀವು ಯಾರೂ ಗಮನಿಸ್ಲಿಲ್ಲ."

ಹೇಳಿ ಮುಗಿಸಿ ನನ್ನನ್ನೇ ನೋಡಿದರು. "ಇದು ಕಾಗದಕ್ಕೆ ಹೋಗುದಿಲ್ಲ ಅಲ್ವಾ ಸಾರ್? ಎಲ್ಲಿಗಾದ್ರೂ ಎತ್ತಿ ಹಾಕಿದ್ರೆ ಅವಳನ್ನು ಕರ್ಕೊಂಡು ಹೋಗ್ಲಿಕ್ಕೆ ಮನೇಲಿ ಇನ್ನೊಂದು ಜನ ಇಲ್ಲ."

"ಹೋಗಲ್ಲ. ನನ್ನ ಮಾತು," ಎಂದೆ.

ಆಗ ನಾನೂ ಒಂದು ಮಾತು ಹೇಳಬೇಕಿತ್ತು. ನನಗೆ ಈಜು ಬರುವುದೇ ಇಲ್ಲ. ನೇಮಕಾತಿಯ ಪರೀಕ್ಷೆಯಲ್ಲಿ ಕೊಳದ ಆಳವಿಲ್ಲದ ಬದಿಯಲ್ಲಿ, ಕಾಲಿನ ಹೆಬ್ಬೆರಳು ನೆಲಕ್ಕೆ ಊರಿಕೊಂಡು, ಮೇಲೆ ಕೈ ಮಾತ್ರ ಬಡಿಯುತ್ತಾ ನಡೆದೇ ದಾಟಿದವನು ನಾನು. ಪರೀಕ್ಷಕರು ಆ ಹೊತ್ತಿಗೆ ಯಾರೊಂದಿಗೋ ಮಾತಾಡುತ್ತಿದ್ದರು. ಇದನ್ನು ಹೇಳಿದ್ದರೆ ಕಾಕಾ ಒಬ್ಬರೇ ಆಗುತ್ತಿರಲಿಲ್ಲ. ನಾನು ಬದಲಿಗೆ ಚಪ್ಪಾಳೆ ತಟ್ಟಿದೆ. ಎಲ್ಲರೂ ತಟ್ಟಿದರು. ಮನೆಗೆ ಹೋಗಿ ಹೆಂಡತಿಗೆ, ಕೊನೆಗೂ ಒಬ್ಬರು ಮಾತಾಡಿದರು ಎಂದು ಬೀಗಿಕೊಂಡು ಹೇಳಿದೆ. "ನೀವು ಏನ್ ಹೇಳಿದ್ರಿ?" ಎಂದಳು. ನಾನು ಅಧಿಕಾರಿ ಕಣೇ, ನನ್ನ ಕೆಲಸ ಕೇಳುವುದು ಎಂದೆ.

ಆ ಜುಲೈಯಲ್ಲಿ ಒಂದು ಮಧ್ಯಾಹ್ನ ಕರೆ ಬಂತು. ಮೀನು ಹಿಡಿಯಲು ಹೋದ ಎಸ್ಟೇಟ್ ಕಾರ್ಮಿಕನೊಬ್ಬ, ನೋಡನೋಡುತ್ತಿದ್ದಂತೆ ಹೊಳೆ ಏರಿ, ನಡುನೀರಿನ ಬಂಡೆಯ ಮೇಲೆ ಒಂದು ಪೊದೆ ಹಿಡಿದು ನಿಂತಿದ್ದ. ನಾವು ಹೋಗುವಷ್ಟರಲ್ಲಿ ಅವನ ಸೊಂಟದವರೆಗೆ ನೀರು. ದಡದ ತುಂಬ ಜನ, ಜನರ ಕೈಯಲ್ಲಿ ಮೊಬೈಲು.

ರಬ್ಬರ್ ದೋಣಿಗೆ ಇಬ್ಬರು ಬೇಕು. ಹೊಳೆಯನ್ನು ಬಲ್ಲವರು ಕಾಕಾ. ಅವರು ಲೈಫ್ ಜಾಕೆಟ್ಟಿನ ಪಟ್ಟಿ ಎಳೆದುಕೊಳ್ಳುತ್ತಿದ್ದರು, ಕೊಂಡಿ ಬೆರಳಿಗೆ ಸಿಗುತ್ತಿರಲಿಲ್ಲ. "ನೀವು ಹಗ್ಗ ನೋಡಿ," ಎಂದೆ. ಅವರು ಹಗ್ಗ ಹಿಡಿದರು. ವಿಜಯಪುರದವನನ್ನೂ ಇನ್ನೊಬ್ಬನನ್ನೂ ಕಳಿಸಿದೆ. ಕಾಕಾ ದಡದಿಂದಲೇ, "ಮೇಲಿಂದ ಬನ್ನಿ, ಇನ್ನೂ ಮೇಲಿಂದ!" ಎಂದು ಕೂಗುತ್ತಿದ್ದರು. ಹುಡುಗರು ಒಮ್ಮೆ ಸೆಳವಿಗೆ ಸಿಕ್ಕಿ ತಪ್ಪಿದರು, ಮತ್ತೆ ಹೊಳೆಯ ಮೇಲಕ್ಕೆ ಹೋಗಿ ದೋಣಿ ಬಿಟ್ಟರು. ದೋಣಿ ಹತ್ತು ಮಾರು ದೂರದಲ್ಲಿದ್ದಾಗ ಪೊದೆ ಕಿತ್ತು ಬಂತು. ಅವನು ಕೈ ಎತ್ತಿದ್ದು ಕಂಡಿತು. ಆಮೇಲೆ ಬರೀ ಹೊಳೆ.

ಎರಡು ದಿನದ ಮೇಲೆ ಕೆಳಗೆಲ್ಲೋ ಸಿಕ್ಕಿದ. ಅಷ್ಟರಲ್ಲಿ ವಿಡಿಯೊ ಎಲ್ಲರ ಫೋನಿಗೂ ತಲುಪಿತ್ತು. ಅದರಲ್ಲಿ ಕಿರಿಯರಿಬ್ಬರು ನೀರಿನಲ್ಲಿ ಒದ್ದಾಡುತ್ತಿದ್ದಾರೆ, ತಲೆ ನರೆತ ಹಿರಿಯ ಸಿಬ್ಬಂದಿ ದಡದಲ್ಲಿ ಹಗ್ಗ ಹಿಡಿದು ಕೂಗುತ್ತಿದ್ದಾರೆ. ವಿಡಿಯೊ ತೆಗೆದವನು, "ದೊಡ್ಡೋರು ನೋಡಿ, ಪ್ಯಾಂಟ್ ಒದ್ದೆ ಆಗ್ಬಾರ್ದು," ಎಂದು ಹೇಳುವುದೂ ಕೇಳಿಸುತ್ತದೆ. ನಾನು ಅದರಲ್ಲಿ ಇಲ್ಲ. ಪಕ್ಕದಲ್ಲೇ, ಚೌಕಟ್ಟಿನ ಆಚೆ ನಿಂತಿದ್ದೆ.

ಕಾಕಾ ಹೋಗಿದ್ದರೆ ಅವನು ಉಳಿಯುತ್ತಿದ್ದನೇ? ಗೊತ್ತಿಲ್ಲ. ಅಥವಾ ಮೂವರೂ ಮುಳುಗುತ್ತಿದ್ದರೇ? ಅದೂ ಗೊತ್ತಿಲ್ಲ. ಎರಡನ್ನೂ ಇವತ್ತಿನವರೆಗೆ ತೂಗುತ್ತಿದ್ದೇನೆ.

ಅನುಭವಿ ಸಿಬ್ಬಂದಿಯನ್ನು ದೋಣಿಗೆ ಏಕೆ ನಿಯೋಜಿಸಲಿಲ್ಲ ಎಂದು ಮೇಲಿನಿಂದ ವಿವರಣೆ ಕೇಳಿ ಪತ್ರ ಬಂತು. 'ನಿಯೋಜನೆಯು ಸಂಪೂರ್ಣವಾಗಿ ನನ್ನ ನಿರ್ಧಾರವಾಗಿರುತ್ತದೆ' ಎಂದು ಬರೆದೆ. ಚೆನ್ನಾಗಿತ್ತು ಆ ವಾಕ್ಯ. ಕಳಿಸುವ ಮೊದಲು ಮೇಲಧಿಕಾರಿಗೆ ಫೋನ್ ಮಾಡಿ ಓದಿ ಹೇಳಿದೆ. ನನ್ನ ಜಾಯಮಾನವೇ ಅದು, ಹಾರುವ ಮೊದಲು ಹತ್ತು ಜನರನ್ನು ಕೇಳುವುದು.

"ನಿಮ್ಮ ನಿರ್ಧಾರ ಅಂದ್ರೆ ವಿಚಾರಣೆ ನಿಮ್ಮ ಮೇಲೇ ಬರುತ್ತೆ ಕಣ್ರೀ," ಎಂದರು. "ಕಾರಣ ಏನಾದ್ರೂ ಇದ್ರೆ ಬರೀರಿ. ಸುಮ್ನೆ ಯಾಕೆ ತಲೆ ಕೊಡ್ತೀರಾ?"

ಒಂದು ಭಾನುವಾರ ಮಧ್ಯಾಹ್ನ ಊಟದ ಮೇಜಿನ ಮುಂದೆ ಕೂತು ಮೂರು ಸಲ ತಿದ್ದಿದೆ. ಕೊನೆಗೆ ಒಂದೇ ಒಂದು ವಾಕ್ಯ ಸೇರಿಸಿದೆ: 'ಸದರಿ ಸಿಬ್ಬಂದಿಯು ನೀರಿನ ಕಾರ್ಯಾಚರಣೆಗೆ ಇಳಿಯಲು ತಮಗೆ ಭಯವಿರುವುದಾಗಿ ಈ ಮೊದಲೇ ಮೌಖಿಕವಾಗಿ ತಿಳಿಸಿರುತ್ತಾರೆ.' ಇದು ಅವರ ಒಳ್ಳೆಯದಕ್ಕೇ, ಇನ್ನು ಮುಂದೆ ಯಾರೂ ಅವರನ್ನು ಹೊಳೆಗೆ ದಬ್ಬುವುದಿಲ್ಲ ಎಂದು ನನಗೆ ನಾನೇ ಹೇಳಿಕೊಂಡೆ. ನಾನು ಹೇಳಿದ್ದನ್ನು ನಾನು ಬೇಗ ನಂಬುತ್ತೇನೆ, ಅದೊಂದು ಅನುಕೂಲ.

ವರ್ಗಾವಣೆ ಆದೇಶ ತಿಂಗಳೊಳಗೆ ಬಂತು. 'ಸದರಿಯವರ ಹಿತದೃಷ್ಟಿಯಿಂದ', ಹೊಳೆ ಹತ್ತಿರವಿಲ್ಲದ ಠಾಣೆಗೆ. ವಿಜಯಪುರ ಜಿಲ್ಲೆಗೆ.

ಕಾಕಾ ಆದೇಶವನ್ನು ನಿಂತೇ ಓದಿದರು. ನಾನು ಕೂರಿ ಎಂದೆ. ಕೂರಲಿಲ್ಲ.

"ಭಯದ ವಿಷಯ ಬರ್ದದ್ದು ನೀವೇನಾ ಸಾರ್?"

"ಮೇಲಿನವರು ಕೇಳಿದ್ರು, ಏನ್ ಮಾಡೋದು..."

"ಕೇಳಿದ್ದು ಅವರು. ಅದು ಗೊತ್ತಾಯ್ತು. ಬರ್ದದ್ದು?"

"ನಾನೇ."

ತಲೆಯಾಡಿಸಿದರು. ಬೈದಿದ್ದರೆ ಹಗುರಾಗುತ್ತಿತ್ತು. "ಗುರುವಾರ ಅವಳಿಗೆ ಆಸ್ಪತ್ರೆ ಉಂಟು," ಎಂದರು. "ಶುಕ್ರವಾರ ರಿಲೀವ್ ಮಾಡ್ಬಹುದಾ?"

ಮಾಡಿದೆ. ಅಷ್ಟು ನನ್ನ ಕೈಯಲ್ಲಿತ್ತು. ಆದೇಶ ರದ್ದುಮಾಡಿಸಲು ಮೂರು ಪತ್ರ ಬರೆದೆ, ಒಮ್ಮೆ ಖುದ್ದಾಗಿ ಹೋಗಿ ಬೆಂಚಿನ ಮೇಲೆ ಕೂತೆ. ನೀವೇ ಬರೆದುಕೊಟ್ಟಿದ್ದೀರಲ್ಲ ಎಂದರು. ಕಾಕಾ ಅವರ ಹೆಂಡತಿಯನ್ನು ಈಗ ಪಕ್ಕದ ಮನೆಯವರು ತಮಗೆ ಬಿಡುವಿದ್ದಾಗ ಕರೆದೊಯ್ಯುತ್ತಾರಂತೆ. ಬಿಡುವಿಲ್ಲದ ವಾರ ಒಂದೇ ಸಲ. ಒಮ್ಮೆ ನೋಡಲು ಹೋದೆ. ಬಾಗಿಲು ತೆರೆದ ಆಕೆಯ ಮುಖವೂ ಕಾಲೂ ಊದಿಕೊಂಡಿದ್ದವು. ನಾನು ಯಾರೆಂದು ಹೇಳಿದೆ. "ಅವರು ಇಲ್ಲ," ಎಂದರು ಅಷ್ಟೆ. ತಂದ ಕಿತ್ತಳೆಯ ಚೀಲ ಜಗಲಿಯ ಮೇಲಿಟ್ಟು ಹೊರಟೆ. ಕಿಡ್ನಿ ಕೆಟ್ಟವರಿಗೆ ಕಿತ್ತಳೆ ಆಗುವುದಿಲ್ಲ ಎಂದು ಗೇಟಿನ ಹತ್ತಿರ ನೆನಪಾಯಿತು.

ಕಾಕಾ ಹೋದ ಮೇಲಿನ ಸೋಮವಾರ ಕುರ್ಚಿಗಳನ್ನು ಎಂದಿನಂತೆ ಹಾಕಿಸಿದೆ. ಏಕೆ ಹಾಕಿಸಿದೆನೋ. ನಿಲ್ಲಿಸಿದರೆ ತಪ್ಪು ಒಪ್ಪಿಕೊಂಡಂತಾಗುತ್ತದೆ ಎಂಬ ಚಿಂತೆ ಇರಬೇಕು. ಚಹಾ ಬಂತು. ಯಾರಿಗಾದರೂ ಏನಾದರೂ ಹೇಳುವುದಿದೆಯೇ ಎಂದೆ.

ವಿಜಯಪುರದವನು ಎದ್ದ. ಈ ಸಲ ನಗಿಸುವ ಮುಖವಲ್ಲ.

"ನಂಗೂ ನೀರಿನ ಅಂಜಿಕಿ ಐತ್ರೀ ಸಾಹೇಬ್ರ. ಬರಕೊಳ್ರಿ. ನಮ್ಮೂರಿಗೆ ಕಳಸ್ತಾರಲ್ರೀ, ಹಂಗರ ಕಳಸ್ಲಿ. ಕಾಕಾನ್ನ ವಾಪಸ್ ಕರಸ್ರಿ."

ಯಾರೋ ಅವನ ಅಂಗಿ ಎಳೆದು ಕೂರಿಸಿದರು. ಆಗ ನಾನು ಹೇಳಿಬಿಟ್ಟೆ. ನನಗೆ ಈಜು ಬರುವುದಿಲ್ಲ, ಪರೀಕ್ಷೆಯಲ್ಲಿ ನೆಲಕ್ಕೆ ಕಾಲೂರಿ ದಾಟಿದೆ, ಪ್ರತಿ ಮಳೆಗಾಲ ಫೋನ್ ಬಂದಾಗ ಹೊಳೆಯ ಕರೆ ಆಗದಿರಲಿ ಎಂದು ಬೇಡಿಕೊಳ್ಳುತ್ತೇನೆ, ಇಷ್ಟು ವರ್ಷ ಯಾರಿಗೂ ಹೇಳಿಲ್ಲ ಎಂದೆ. ಹೇಳಿ ಮುಗಿಸಿ, ಯಾರಾದರೂ ಏನಾದರೂ ಅಂದಾರು, ಬೈದರೂ ಸರಿ ಎಂದು ಕಾದೆ.

ನಮ್ಮ ಗಾಡಿಯ ಚಾಲಕ, ನೆಲ್ಯಹುದಿಕೇರಿಯವನು, ಲೋಟ ಕೆಳಗಿಟ್ಟು ಟೋಪಿ ಹಾಕಿಕೊಂಡ.

"ಅದೆಲ್ಲ ಇಲ್ಲಿ ಹೇಳ್ಬೇಡಿ ಸಾರ್," ಎಂದ, ಮಗುವಿಗೆ ಹೇಳುವಷ್ಟು ಮೆತ್ತಗೆ. "ಯಾರಾದ್ರೂ ಬರ್ದು ಹಾಕಿದ್ರೆ ನಿಮಗೇ ಕಷ್ಟ."

ಒಬ್ಬೊಬ್ಬರಾಗಿ ಎದ್ದು, ತಮ್ಮ ತಮ್ಮ ಕುರ್ಚಿ ಎತ್ತಿಕೊಂಡು ಒಳಗೆ ಹೋದರು.